ಕುಂಕುಮದ ಡಿಸ್ಕು, ಕೆಳಗಿನ ಫೋಲ್ಡರು

ಕಂಪ್ಯೂಟರ್ ವಿಭಾಗಕ್ಕೆ ಹೊಸದಾಗಿ ಸೇರುವವರಿಗೆ ಮೊದಲ ದಿನ ಯಾರೂ ಹೇಳದ ವಿಷಯವೊಂದಿದೆ. ನಿಮ್ಮ ಸರ್ವೀಸಿನ ಬಹುಭಾಗ ಯಂತ್ರಗಳ ಜೊತೆ ಕಳೆಯುವುದಿಲ್ಲ, ‘ನನ್ನ ಫೈಲು ತೆರೆಯುತ್ತಿಲ್ಲ’ ಎಂದು ಬಂದು ನಿಲ್ಲುವವರ ಜೊತೆ ಕಳೆಯುತ್ತದೆ. ಫೈಲು ಯಾಕೆ ತೆರೆಯುತ್ತಿಲ್ಲ ಎಂದರೆ ಅವರಿಗೆ ಪರ್ಮಿಷನ್ ಇಲ್ಲ. ಪರ್ಮಿಷನ್ ಯಾಕಿಲ್ಲ ಎಂದರೆ ಯಾರೋ ಹಾಗೆ ಇಟ್ಟಿದ್ದಾರೆ. ಆ ಯಾರೋ ಬಹಳ ಸಲ ನೀವೇ ಆಗಿರುತ್ತೀರಿ. ನಾನು ಇಡೀ ನೌಕರಿಯನ್ನು ಇದರಲ್ಲೇ ಸವೆಸಿ ನಿವೃತ್ತನಾದೆ. ಬೀಳ್ಕೊಡುಗೆಯ ದಿನ ಶಾಲು ಹೊದಿಸಿದವರು ನನ್ನ ಬಡ್ತಿಗಳ ಬಗ್ಗೆ ಮಾತಾಡಿದರು. ಅವನ್ನು ಇಲ್ಲಿ ಬರೆಯುವುದಿಲ್ಲ. ಬರೆಯುವಷ್ಟು ಇರಲೂ ಇಲ್ಲ.

ನನ್ನ ಹೆಸರು ಸಿದ್ದಯ್ಯ. ರಸಗೊಬ್ಬರದ ಕಂಪನಿಯೊಂದು ರೈತರಿಗಾಗಿ ನಡೆಸುತ್ತಿದ್ದ ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಟೈಪಿಸ್ಟ್ ಆಗಿ ಸೇರಿದೆ. ದೊಡ್ಡ ಕೇಂದ್ರ ನಂಜನಗೂಡಿನಲ್ಲಿತ್ತು, ಚಿಕ್ಕದು ಟಿ. ನರಸೀಪುರದಲ್ಲಿ. ರೈತರು ಹೊಲದ ಮಣ್ಣನ್ನು ಬಟ್ಟೆಚೀಲದಲ್ಲಿ ಕಟ್ಟಿಕೊಂಡು ಬರುತ್ತಿದ್ದರು. ನಮ್ಮವರು ಅದನ್ನು ನೆರಳಲ್ಲಿ ಒಣಗಿಸಿ, ಜರಡಿ ಹಿಡಿದು, ಪರೀಕ್ಷೆ ಮಾಡಿ, ಯಾವ ಗೊಬ್ಬರ ಎಷ್ಟು ಹಾಕಬೇಕೆಂದು ಒಂದು ಚೀಟಿ ಕೊಡುತ್ತಿದ್ದರು. ಹುಲ್ಲಹಳ್ಳಿ ಕಡೆಯಿಂದ ಗದ್ದೆಯ ಮಣ್ಣು ಬರುತ್ತಿತ್ತು, ತಲಕಾಡಿನಿಂದ ಮರಳು. ‘ಇದು ಮರಳು’ ಎಂದು ಹೇಳುವುದಕ್ಕೆ ಪರೀಕ್ಷೆ ಬೇಕಿರಲಿಲ್ಲ, ಆದರೂ ನಾವು ಮಾಡಿಯೇ ಹೇಳುತ್ತಿದ್ದೆವು.

ತೊಂಬತ್ತರ ದಶಕದ ನಡುವೆ ನಂಜನಗೂಡಿಗೆ ಕಂಪ್ಯೂಟರ್ ಬಂತು. ಅದಕ್ಕಾಗಿ ಒಂದು ಕೋಣೆ ಖಾಲಿ ಮಾಡಿಸಿ ಏಸಿ ಹಾಕಿಸಿದರು. ಆಸಿಡ್ ಹೊಗೆಯಲ್ಲಿ ನಿಂತು ಕೆಲಸ ಮಾಡುವವರು ಬಹಳ ವರ್ಷಗಳಿಂದ ಕೇಳುತ್ತಿದ್ದ ಫ್ಯಾನು ಇನ್ನೂ ಬಂದಿರಲಿಲ್ಲ. ಯಂತ್ರದ ಮುಂದೆ ಕೂತರೆ ಕಣ್ಣು ಹೋಗುತ್ತದೆ ಎಂದು ಹಿರಿಯರೆಲ್ಲ ಹಿಂದೆ ಸರಿದರು. ನನಗೆ ಟೈಪಿಂಗ್ ಬರುತ್ತಿತ್ತು, ಜೊತೆಗೆ ಬೇಡ ಎನ್ನುವ ಧೈರ್ಯವಿರಲಿಲ್ಲ. ನಾನು ಕಂಪ್ಯೂಟರ್ ವಿಭಾಗಕ್ಕೆ ಬಂದದ್ದು ಹೀಗೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು. ಆ ಪದ್ಧತಿ ನಾನು ನಿವೃತ್ತನಾಗುವವರೆಗೂ ನಡೆಯಿತು, ಯಾಕೆಂದು ಯಾರೂ ಕೇಳಲಿಲ್ಲ.

ಎರಡು ಸಾವಿರದ ಆಚೀಚೆಗೆ ಲಿನಕ್ಸ್ ಬಂತು. ಅದು ಪುಕ್ಕಟೆ ಸಿಗುತ್ತದೆ ಎಂದು ಹೆಡ್ಡಾಫೀಸಿನಲ್ಲಿ ಯಾರೋ ಹೇಳಿದ್ದರಂತೆ. ಅದರ ಗುಣಗಳ ಬಗ್ಗೆ ನಮ್ಮಲ್ಲಿ ನಡೆದ ಚರ್ಚೆ ಅಷ್ಟಕ್ಕೇ ಮುಗಿಯಿತು. ಪತ್ರಿಕೆಯೊಂದರ ಜೊತೆ ಬಂದ ಸೀಡಿಯಿಂದ ನಾನೇ ಹಾಕಿದೆ. ಕಲಿಸುವವರಿರಲಿಲ್ಲ. ಇಂಗ್ಲಿಷಿನ ದಪ್ಪ ಪುಸ್ತಕವೊಂದಿತ್ತು. ಅದನ್ನು ಬರೆದವನು ನನಗೆ ಎಲ್ಲ ಮೊದಲೇ ಗೊತ್ತಿದೆ ಎಂದುಕೊಂಡಿದ್ದ.

ನನ್ನ ಮೊದಲ ಸೋಲು ಫ್ಲಾಪಿಯದು. ಫ್ಲಾಪಿಯಲ್ಲಿದ್ದ ಫೈಲುಗಳನ್ನು ಎಲ್ಲರೂ ತೆರೆಯುವಂತೆ ಮಾಡಬೇಕಿತ್ತು. ಪರ್ಮಿಷನ್ ಬದಲಿಸಲು ಚ್‌ಮಾಡ್ ಎಂಬ ಕಮಾಂಡ್ ಇದೆ. ಹೊಡೆದೆ, ಆಗುವುದಿಲ್ಲ ಎಂದಿತು. ಯಂತ್ರದಲ್ಲಿ ಎಲ್ಲಕ್ಕಿಂತ ದೊಡ್ಡ ಅಧಿಕಾರವಿರುವ ರೂಟ್ ಎಂಬ ಹೆಸರಿನಲ್ಲಿ ಒಳಗೆ ಹೋಗಿ ಹೊಡೆದೆ, ಆಗಲೂ ಆಗುವುದಿಲ್ಲ ಎಂದಿತು. ಸಂಜೆಯವರೆಗೆ ನಾನೂ ಅದೂ ಹೀಗೆ ಮಾತಾಡಿದೆವು. ಆಮೇಲೆ ತಿಳಿದದ್ದು ಇಷ್ಟು: ಹಳೆಯ ಡಾಸ್ ಪದ್ಧತಿಯ ಫ್ಲಾಪಿಯಲ್ಲಿ ಯಜಮಾನ ಯಾರು, ಯಾರಿಗೆ ಏನು ಹಕ್ಕು ಎಂದು ಬರೆದಿಡುವ ಜಾಗವೇ ಇಲ್ಲ. ಇಲ್ಲದ ಜಾಗದಲ್ಲಿ ಬರೆ ಎಂದರೆ ಅದಾದರೂ ಏನು ಮಾಡೀತು? ಯಂತ್ರಕ್ಕೆ ಜೋಡಿಸುವಾಗಲೇ ‘ಇದು ಇಂಥವರದು, ಇವರಿಗೆಲ್ಲ ಹಕ್ಕಿದೆ’ ಎಂದು ಹೇಳಿಬಿಡಬೇಕು. ಪೆನ್ ಡ್ರೈವ್ ಬಂದ ಮೇಲೂ ಇದೇ ಕಥೆ. ನಿಮಗೆ ಸಂಜೆಯೊಂದು ಉಳಿಯಲಿ ಎಂದು ಇದನ್ನು ಬರೆದಿದ್ದೇನೆ.

ಎರಡನೆಯದನ್ನು ಸ್ವಲ್ಪ ಗಮನವಿಟ್ಟು ಓದಿ, ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಟಿ. ನರಸೀಪುರದ ಕೇಂದ್ರದಲ್ಲಿ ಯಂತ್ರ ಹಳೆಯದಾಗಿ ಜಾಗ ಸಾಲದೆ ಹೋದಾಗ ಒಂದು ಹೊರಗಿನ ಡಿಸ್ಕು ತರಿಸಿದರು. ಟಿಫಿನ್ ಡಬ್ಬಿಯಷ್ಟು ದೊಡ್ಡದು, ಕರೆಂಟಿಗೆ ಬೇರೆ ವೈರು, ಯಂತ್ರಕ್ಕೆ ಬೇರೆ ವೈರು. ವಿಂಡೋಸ್‌ನಲ್ಲಿ ಇಂಥ ಡಿಸ್ಕು ಚುಚ್ಚಿದರೆ ಅದಕ್ಕೊಂದು ಹೊಸ ಅಕ್ಷರ ಸಿಗುತ್ತದೆ. ಲಿನಕ್ಸ್‌ನಲ್ಲಿ ಹಾಗಲ್ಲ. ಯಂತ್ರದೊಳಗೆ ಮೊದಲೇ ಒಂದು ಖಾಲಿ ಫೋಲ್ಡರ್ ಮಾಡಿಟ್ಟು ಡಿಸ್ಕನ್ನು ಅದರ ಮೇಲೆ ಕೂರಿಸಬೇಕು. ಇದಕ್ಕೆ ಮೌಂಟ್ ಮಾಡುವುದು ಎನ್ನುತ್ತಾರೆ. ನೆಲದ ಮೇಲೆ ಚಾಪೆ ಹಾಸಿದ ಹಾಗೆ. ಹಾಸಿದ ಮೇಲೆ ಕಾಣುವುದು ಚಾಪೆ, ನೆಲ ಕಾಣುವುದಿಲ್ಲ. ನಾನು ‘ಡೇಟಾ’ ಎಂಬ ಖಾಲಿ ಫೋಲ್ಡರ್ ಮಾಡಿ, ಎಲ್ಲರೂ ಅದರಲ್ಲಿ ಬರೆಯಲು ಪರ್ಮಿಷನ್ ಕೊಟ್ಟು, ಆಮೇಲೆ ಡಿಸ್ಕನ್ನು ಕೂರಿಸಿ, ಕೈ ತೊಳೆದುಕೊಂಡು ಊಟಕ್ಕೆ ಹೋದೆ. ಬರುವಷ್ಟರಲ್ಲಿ ಮ್ಯಾನೇಜರ್ ವರದರಾಜು ಅವರ ಪರದೆಯ ಮೇಲೆ ‘ಪರ್ಮಿಷನ್ ಡಿನೈಡ್’ ಎಂದು ಬಂದಿತ್ತು.

ವರದರಾಜು ಮೈಸೂರಿನವರು, ಕೃಷಿ ಓದಿದವರು, ಕೆಟ್ಟವರಲ್ಲ. ಯಾವುದನ್ನೂ ತಾವು ಬೇಡ ಎಂದ ಹಾಗೆ ಆಗಬಾರದು ಎಂಬ ಒಂದೇ ಆಸೆ ಅವರದು. ಯಂತ್ರ ಇದ್ದದ್ದೂ ಅವರ ಕೋಣೆಯಲ್ಲೇ, ಆ ಕೇಂದ್ರದ ಏಸಿ ಅಲ್ಲಿ ಮಾತ್ರ ಇತ್ತು.

“ರೀ ಸಿದ್ದಯ್ಯ, ಏನ್ರೀ ಇದು? ಆಫೀಸು ನಮ್ದು, ಡಿಸ್ಕು ನಮ್ದು. ಮ್ಯಾನೇಜರ್‌ಗೇ ಪರ್ಮಿಷನ್ ಇಲ್ಲ ಅಂದ್ರೆ?”

“ನೀವು ಮ್ಯಾನೇಜರ್ ಅಂತ ಡಿಸ್ಕಿಗೆ ಗೊತ್ತಿಲ್ಲ ಸಾರ್.”

“ಹೇಳ್ರೀ ಮತ್ತೆ ಅದಕ್ಕೆ.”

ಡಿಸ್ಕನ್ನು ಇಳಿಸಿ ನೋಡಿದೆ. ಪರ್ಮಿಷನ್ ಸರಿಯಾಗಿತ್ತು. ಕೂರಿಸಿ ನೋಡಿದೆ. ಇರಲಿಲ್ಲ. ಇಳಿಸಿದೆ, ಇತ್ತು. ಕೂರಿಸಿದೆ, ಇಲ್ಲ. ನಾನು ಹಕ್ಕು ಕೊಟ್ಟದ್ದು ನೆಲಕ್ಕೆ, ಅವರು ಬರೆಯುತ್ತಿದ್ದದ್ದು ಚಾಪೆಯ ಮೇಲೆ ಎಂದು ಹೊಳೆಯುವಷ್ಟರಲ್ಲಿ ಸಂಜೆಯ ಬಸ್ಸು ಹೋಗಿತ್ತು. ಡಿಸ್ಕಿಗೆ ತನ್ನದೇ ಪರ್ಮಿಷನ್ ಇರುತ್ತದೆ. ಕೂರಿಸಿದ ಮೇಲೆ ನಡೆಯುವುದು ಅದರದು ಮಾತ್ರ. ಆದ್ದರಿಂದ ಮೊದಲು ಮೌಂಟ್ ಮಾಡಿ, ಆಮೇಲೆ ಚ್‌ಮಾಡ್ ಮಾಡಿ. ಈ ಒಂದು ಸಾಲಿಗೆ ನಾನು ಅವತ್ತು ಟಿ. ನರಸೀಪುರದ ಬಸ್ ನಿಲ್ದಾಣದಲ್ಲಿ ಬಹಳ ಹೊತ್ತು ಕೂರಬೇಕಾಯಿತು.

ಯಾರ್‍ಯಾರಿಗೆ ಎಷ್ಟೆಷ್ಟು ಹಕ್ಕು ಕೊಡೋಣ ಎಂದು ಹೊರಡುವ ಮುಂಚೆ ವರದರಾಜು ಅವರನ್ನು ಕೇಳಿದ್ದೆ.

“ಎಲ್ಲರಿಗೂ ಎಲ್ಲಾ ಕೊಟ್ಬಿಡಿ. ನಮ್ದೇನು ಬ್ಯಾಂಕಾ? ಮಣ್ಣು ಕಣ್ರೀ.”

ಎಲ್ಲರಿಗೂ ಎಲ್ಲವೂ ಎನ್ನುವುದಕ್ಕೆ ಲಿನಕ್ಸ್‌ನಲ್ಲಿ ಏಳು ಏಳು ಏಳು ಎಂದು ಬರೆಯುತ್ತಾರೆ. ಮೊದಲ ಏಳು ಯಜಮಾನನಿಗೆ, ಎರಡನೆಯದು ಅವನ ಗುಂಪಿಗೆ, ಮೂರನೆಯದು ದಾರಿಯಲ್ಲಿ ಹೋಗುವವರಿಗೆ. ಡಿಸ್ಕಿಗೂ ಅದನ್ನೇ ಕೊಟ್ಟೆ. ಕೆಳಗಿನ ಖಾಲಿ ಫೋಲ್ಡರಿಗೆ ಮೊದಲೇ ಕೊಟ್ಟಿದ್ದ ಏಳು ಏಳು ಏಳನ್ನು ಯಾರೂ ತೆಗೆಯಲಿಲ್ಲ. ಯಾರೂ ಎಂದರೆ ನಾನು.

ಆ ಡಿಸ್ಕು ಇನ್ನೊಂದು ಪಾಠವನ್ನೂ ಕಲಿಸಿತು. ಒಮ್ಮೆ ವರದರಾಜು ನಂಜನಗೂಡಿನ ಮೀಟಿಂಗಿಗೆ ಅದನ್ನೇ ಬ್ಯಾಗಿನಲ್ಲಿಟ್ಟುಕೊಂಡು ಬಂದರು. ಅದರಲ್ಲಿ ತಮ್ಮ ಸಿಬ್ಬಂದಿಯ ನಡತೆ, ದುಡಿಮೆ ಕುರಿತು ಅವರು ಬರೆದ ಗುಟ್ಟಿನ ವರದಿಯಿತ್ತು. ಬೇರೆ ಯಾರೂ ತೆರೆಯದಂತೆ ನಾನೇ ಬಂದೋಬಸ್ತು ಮಾಡಿಕೊಟ್ಟಿದ್ದೆ. ನಂಜನಗೂಡಿನ ಯಂತ್ರಕ್ಕೆ ಹಾಕಿದರೆ ಅವರಿಗೇ ತೆರೆಯಲಿಲ್ಲ. ಫೈಲಿನ ಯಜಮಾನ ಯಾರೆಂದು ನೋಡಿದೆ. ಕ್ಯಾಂಟೀನಿನ ಮಾದೇಶ ಎಂದು ತೋರಿಸಿತು.

ವಿಷಯ ಇಷ್ಟೇ. ಡಿಸ್ಕು ಯಾರ ಹೆಸರನ್ನೂ ನೆನಪಿಡುವುದಿಲ್ಲ, ನಂಬರನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಟಿ. ನರಸೀಪುರದಲ್ಲಿ ನಾನು ಮೊದಲು ಅಕೌಂಟು ತೆರೆದದ್ದು ವರದರಾಜು ಅವರಿಗೆ. ನಂಜನಗೂಡಿನಲ್ಲಿ ಯಂತ್ರ ಹೊಸದಾಗಿ ಹಾಕಿದ ದಿನ ಪರೀಕ್ಷೆಗೆಂದು ಯಾರದಾದರೂ ಹೆಸರು ಬೇಕಾಗಿ, ಎದುರಿಗೆ ಟೀ ಹಿಡಿದು ನಿಂತಿದ್ದ ಮಾದೇಶನ ಹೆಸರು ಹಾಕಿದ್ದೆ. ನಂಬರು ಬೀಳುವುದು ಅಕೌಂಟು ತೆರೆದ ಸರದಿಯಲ್ಲಿ, ಹಾಗಾಗಿ ಇಬ್ಬರದೂ ಒಂದೇ ನಂಬರು. ಮೀಟಿಂಗ್ ತಡವಾಗುತ್ತಿತ್ತು. ಇಂಥ ಹೊತ್ತಿನಲ್ಲಿ ರೂಟ್ ಹೆಸರಿನಲ್ಲಿ ತೆರೆಯಬಹುದು ಎಂಬುದು ನನಗೆ ಹೊಳೆಯಲಿಲ್ಲ. ಮಾದೇಶನನ್ನು ಕರೆಸಿದೆವು. ಅವನು ಕೈ ಒರೆಸಿಕೊಂಡು ಬಂದು, ಪಾಸ್‌ವರ್ಡ್ ಹೊಡೆದು, ಫೈಲು ತೆರೆದು, ಸಾವಕಾಶವಾಗಿ ಓದಿ, “ಬಂತು ಸಾ” ಎಂದ. ಆ ಮಧ್ಯಾಹ್ನ ಟಿ. ನರಸೀಪುರದಿಂದ ಬಂದ ಕೆಲವರಿಗೆ ಕಾಫಿಯ ಜೊತೆ ಬಿಸ್ಕತ್ತು ಬಂತು, ಕೆಲವರಿಗೆ ಬರಲಿಲ್ಲ. ವರದಿಯಲ್ಲಿ ಏನಿತ್ತು ಎಂಬುದು ಎಲ್ಲರಿಗೂ ಹಾಗೆ ತಿಳಿಯಿತು.

ಇನ್ನು ನಾಗರತ್ನಳ ವಿಷಯಕ್ಕೆ ಬರುತ್ತೇನೆ.

ನಾಗರತ್ನ ಟಿ. ನರಸೀಪುರ ಕೇಂದ್ರದಲ್ಲಿ ದಿನಗೂಲಿಯ ಮೇಲೆ ಡೇಟಾ ಎಂಟ್ರಿ ಮಾಡುತ್ತಿದ್ದಳು. ಮೂಗೂರಿನ ಹುಡುಗಿ, ಪೇಟೆಯಲ್ಲಿ ಟೈಪಿಂಗ್ ಕಲಿತು ಬಂದವಳು. ಕೆಲಸ ಖಾಯಂ ಮಾಡುವ ಆರ್ಡರು ದೀಪಾವಳಿಯ ಹೊತ್ತಿಗೆ ಬರುವುದಿತ್ತು, ವರದರಾಜು ಒಂದು ಶಿಫಾರಸು ಬರೆದು ಕಳಿಸಿದರೆ ಸಾಕಿತ್ತು. ಅದು ಬಂದರೆ ಅವರ ಮನೆಯಲ್ಲಿ ತಿಂಗಳ ಸಂಬಳ ತರುವ ಮೊದಲನೆಯವಳು ಅವಳೇ. ಹೊಲದ ಕೂಲಿಯಿಂದ ಬರುವ ಅಪ್ಪ ಬಸ್ ನಿಲ್ದಾಣಕ್ಕೆ ಬಂದು ಅವಳನ್ನು ಕರೆದುಕೊಂಡು ಹೋಗುತ್ತಾರೆ ಎಂದು ಒಮ್ಮೆ ಹೇಳಿದ್ದಳು. ಅದು ಬಿಟ್ಟರೆ ಅವಳು ಹೆಚ್ಚು ಮಾತಿನವಳಲ್ಲ.

ಅಲ್ಲಿನ ಕೆಲಸದ ರೀತಿ ಹೀಗಿತ್ತು. ಲ್ಯಾಬಿನವರು ಪರೀಕ್ಷೆಯ ಫಲಿತಾಂಶವನ್ನು ಗೋಡೆಯ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ನಾಗರತ್ನ ಅದನ್ನು ನೋಡಿ ಯಂತ್ರಕ್ಕೆ ಏರಿಸಿ ‘ಹೂಂ’ ಅಂದ ಮೇಲೆ ಹಲಗೆ ಒರೆಸುತ್ತಿದ್ದರು. ಕಾಗದವಿಲ್ಲದ ಆಫೀಸು ಎಂದು ವರದರಾಜು ಇದನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು. ಪರೀಕ್ಷೆ ಮುಗಿದ ಮಣ್ಣನ್ನು ಹಿತ್ತಲಿಗೆ ಸುರಿಯುತ್ತಿದ್ದರು. ತಾಲ್ಲೂಕಿನ ಮಣ್ಣೆಲ್ಲ ಸೇರಿದ ಆ ಗುಡ್ಡೆಯಲ್ಲಿ ಅಟೆಂಡರ್ ಕೆಂಪಣ್ಣ ದಂಟಿನಸೊಪ್ಪು ಬೆಳೆದಿದ್ದ. ಚೀಟಿಗಳನ್ನು ಆಗಾಗ ಒಟ್ಟಿಗೆ ಮುದ್ರಿಸುತ್ತಿದ್ದರು. ಅಲ್ಲಿಯವರೆಗೆ ಒಬ್ಬ ರೈತನ ಹೊಲದ ಸಂಗತಿ ಎಲ್ಲಿರುತ್ತಿತ್ತು ಎಂದರೆ ಆ ಡಿಸ್ಕಿನಲ್ಲಿ ಮಾತ್ರ.

ಆಯುಧಪೂಜೆ ಕೆಂಪಣ್ಣನ ಸುಪರ್ದಿನ ಕೆಲಸ. ತಕ್ಕಡಿ, ಜರಡಿ, ಜೀಪು, ಎಲ್ಲಕ್ಕೂ ಕುಂಕುಮ, ಹೂವು, ಮುಂದೆ ಬೂದುಗುಂಬಳಕಾಯಿ. ಕಂಪ್ಯೂಟರಿಗೂ ಪ್ರತಿ ವರ್ಷ ಆಗುತ್ತಿತ್ತು. ಆ ವರ್ಷ ಅವನ ಕಣ್ಣು ಹೊರಗಿನ ಡಿಸ್ಕಿನ ಮೇಲೆ ಬಿತ್ತು. ಬೇರೆ ಡಬ್ಬಿ, ಬೇರೆ ವೈರು, ಅಂದ ಮೇಲೆ ಅದು ಬೇರೆ ಆಯುಧ. “ಒಂದುಕ್ಕೊಂದ್ ಅಂಟ್ಕಂಡಿದ್ರೆ ಪೂಜೆ ಸೇರಕ್ಕಿಲ್ಲ” ಎಂದು ಯಂತ್ರ ಆರಿಸಿ, ಡಿಸ್ಕನ್ನು ಬಿಚ್ಚಿ, ಒರೆಸಿ, ಮೇಜಿನ ಮೇಲೆ ಬಾಳೆಎಲೆಯಲ್ಲಿ ಕೂರಿಸಿ, ಕುಂಕುಮ ಇಟ್ಟು ಸೇವಂತಿಗೆ ಮುಡಿಸಿದ. ಮಾರನೆಯ ದಿನ ಒಳ್ಳೆಯ ಗಳಿಗೆ ನೋಡಿ ಮೊದಲು ಯಂತ್ರ ಹಾಕಿದ. ಆಮೇಲೆ ನಿಧಾನವಾಗಿ ಹೂವು ತೆಗೆದು ಡಿಸ್ಕಿನ ವೈರು ಚುಚ್ಚಿದ. ಡಿಸ್ಕಿನ ದೀಪ ಹತ್ತಿತು. ಕೆಂಪಣ್ಣನಿಗೆ ಅಷ್ಟೇ ಬೇಕಿತ್ತು. ಯಾರಿಗೇ ಆದರೂ ಅಷ್ಟೇ ಸಾಕಿತ್ತು.

ಆದರೆ ಯಂತ್ರ ಡಿಸ್ಕನ್ನು ಹುಡುಕುವುದು ತಾನು ಏಳುವಾಗ ಒಂದೇ ಸಲ, ಮತ್ತೆ ಆ ಯಂತ್ರವನ್ನು ರಾತ್ರಿಯೂ ಆರಿಸುವ ಪದ್ಧತಿಯಿರಲಿಲ್ಲ. ಆಗ ಅದು ಹೂವು ಮುಡಿದುಕೊಂಡು ಮೇಜಿನ ಮೇಲಿತ್ತು. ಸಿಗಲಿಲ್ಲ ಎಂದು ಪರದೆಯ ಮೇಲೆ ಒಂದು ಸಾಲು ಬರೆದು ಯಂತ್ರ ಮುಂದಕ್ಕೆ ಹೋಯಿತು. ಆ ಸಾಲನ್ನು ಓದಬೇಕಾದವರು ಹೊರಗೆ ಕಡ್ಲೆಪುರಿ ತಿನ್ನುತ್ತಿದ್ದರು. ಅಂದರೆ ಅವತ್ತಿನಿಂದ ಚಾಪೆ ಹಾಸಿರಲಿಲ್ಲ, ಬರಿ ನೆಲವಿತ್ತು. ಆ ನೆಲಕ್ಕೆ ಏಳು ಏಳು ಏಳು ಇತ್ತಲ್ಲ, ಹಾಗಾಗಿ ಯಾರು ಏನು ಬರೆದರೂ ಅದು ಬೇಡ ಎನ್ನಲಿಲ್ಲ.

ನಾಗರತ್ನ ಬಂದು ಕೂತು ನೋಡಿದರೆ ಹಳೆಯ ಫಲಿತಾಂಶ ಒಂದೂ ಇಲ್ಲ. ವರದರಾಜು ಅವರಿಗೆ ಹೇಳಿದಳು. ಹೊಸದಾಗಿ ಶುರು ಮಾಡು ಎಂದು ಅಪ್ಪಣೆಯಾಯಿತು. ಮಾಡಿದಳು. ನನಗೆ ಯಾರೂ ಫೋನ್ ಮಾಡಲಿಲ್ಲ.

ದೀಪಾವಳಿಗೆ ಸ್ವಲ್ಪ ಮುಂಚೆ ಕರೆಂಟು ಹೋಗಿ, ಯುಪಿಎಸ್ ಕೂಡ ಕೈಬಿಟ್ಟು, ಯಂತ್ರ ಆರಿಹೋಯಿತು. ಮತ್ತೆ ಹಾಕಿದಾಗ ಡಿಸ್ಕು ತನ್ನ ಜಾಗದಲ್ಲೇ ಇತ್ತು. ಯಂತ್ರ ಅದನ್ನು ನೋಡಿ ಕೂರಿಸಿಕೊಂಡಿತು. ಹಳೆಯ ಫಲಿತಾಂಶಗಳೆಲ್ಲ ಬಂದವು. ಆಯುಧಪೂಜೆಯಿಂದ ಈಚೆಗಿನದು ಒಂದೂ ಇರಲಿಲ್ಲ. ಹಲಗೆ ಒರೆಸಿಯಾಗಿತ್ತು. ಮಣ್ಣು ದಂಟಿನಸೊಪ್ಪಿನ ಬುಡ ಸೇರಿತ್ತು.

ವರದರಾಜು ಫೋನ್ ಮಾಡಿದಾಗ ಅವರ ದನಿ ಸಣ್ಣಗಾಗಿತ್ತು. ರೈತರಾರೋ ಹೆಡ್ಡಾಫೀಸಿಗೆ ದೂರು ಹೇಳಿದ್ದರಂತೆ, ಅಲ್ಲಿಂದ ಕೇಳಿದ್ದಾರಂತೆ. ನಾನು ಸುತ್ತೂರಿನ ಮೇಲೆ ಹೋಗುವ ಬಸ್ಸು ಹಿಡಿದು ಹೋದೆ.

ಕೇಂದ್ರದ ಮುಂದೆ ಜನ ನಿಂತಿದ್ದರು. ತಲಕಾಡಿನ ಪುಟ್ಟಸ್ವಾಮಿ ಎಂಬ ರೈತ ಎಲ್ಲರಿಗಿಂತ ಜೋರಾಗಿದ್ದ. ಕಬ್ಬು ನಾಟಿಗೆ ಭೂಮಿ ಹದ ಮಾಡಿಕೊಂಡು ಚೀಟಿಗೆ ಕಾಯುತ್ತಿದ್ದನಂತೆ.

“ನನ್ ಕಣ್ಣೆದುರ್ಗೇ ಈಯವ್ವ ನನ್ ಎಸ್ರು ಕುಟ್ತಾ ಇತ್ತು ಕಣ್ರೀ. ಇವಾಗ ಇಲ್ಲ ಅಂದ್ರೆ ಎಲ್ಲಿಗೋಯ್ತು? ಮಣ್ಣಾದ್ರೂ ವಾಪಸ್ ಕೊಡಿ!”

ಮಣ್ಣು ಕೊಡುವ ಸ್ಥಿತಿಯಲ್ಲಿ ನಾವಿರಲಿಲ್ಲ. ಅದರಲ್ಲಿ ಬೆಳೆದ ಸೊಪ್ಪು ಬೇಕಾದರೆ ಕೊಡಬಹುದಿತ್ತು.

ಒಳಗೆ ವರದರಾಜು ಬಿಳಿ ಹಾಳೆಯೊಂದನ್ನು ನನ್ನ ಮುಂದೆ ಸರಿಸಿದರು. ನಾಗರತ್ನ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತಿದ್ದಳು.

“ನೋಡಿ ಸಿದ್ದಯ್ಯ, ಎರಡೇ ಸಾಲು. ಯಂತ್ರ ಸರಿಯಿದೆ, ಎಂಟ್ರಿ ಆಗಿಲ್ಲ ಅಂತ ಬರ್ಕೊಡಿ. ಹೆಡ್ಡಾಫೀಸಿಗೆ ಏನಾದ್ರೂ ಕಳಿಸ್ಲೇಬೇಕು ನಾನು.”

“ಬರೆದ್ರೆ ಇವಳ ಆರ್ಡರು?”

ವರದರಾಜು ಕಿಟಕಿಯ ಕಡೆ ನೋಡಿದರು. “ಕೆಲಸ ಮಾಡದೇ ಇರೋರಿಗೆ ಆರ್ಡರು ಕೊಡಿ ಅಂತ ಹೇಗ್ರೀ ಬರೀಲಿ?”

ನಾಗರತ್ನ ಎದ್ದು ನಿಂತಳು. “ನಾನ್ ಟೈಪ್ ಮಾಡಿವ್ನಿ ಸಾ. ಬೋರ್ಡ್ ನೋಡ್ಕಂಡು ಒಂದೊಂದೂ ಮಾಡಿವ್ನಿ. ಅಬ್ಬ ಆದ್ ಮ್ಯಾಲೆ ಅಳೇವು ಒಂದೂ ಇರ್ನಿಲ್ಲ, ಸಾಹೇಬ್ರುಗೆ ಏಳ್ದೆ, ಒಸ್ದಾಗಿ ಸುರು ಮಾಡು ಅಂದ್ರು. ಮೊನ್ನೆ ಕರೆಂಟ್ ಓಗಿ ಬಂದಾಗ್ನಿಂದ ಅಳೇವೆಲ್ಲ ಬಂದವೆ, ಒಸಾವು ಓಗವೆ. ನಾನೇನ್ ಮಾಡ್ಲಿ ಸಾ?”

“ಹಂಗೆಲ್ಲ ಹೇಳಿದ ನೆನಪಿಲ್ಲ ರೀ ನನಗೆ” ಎಂದರು ವರದರಾಜು.

ನನಗೆ ಸಿಟ್ಟು ಬಂತು. ಆದರೆ ಸಿಟ್ಟಿನಿಂದ ಫೈಲು ಬರುವುದಿಲ್ಲ. ನಿಜ ಹೇಳಬೇಕೆಂದರೆ ಆ ಕ್ಷಣದಲ್ಲಿ ನನಗೆ ಏನೂ ಹೊಳೆದಿರಲಿಲ್ಲ. ಪೆನ್ನು ಕೈಯಲ್ಲಿತ್ತು, ಹಾಳೆ ಎದುರಿಗಿತ್ತು. ಬರೆಯದೆ ಹೋದರೆ ಏನು ಹೇಳಿ ಬರೆಯುವುದಿಲ್ಲ ಎನ್ನುವುದು ಎಂಬುದೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ವರದರಾಜು, “ಅದಿರ್ಲಿ, ಇನ್ನೊಂದು ಸಣ್ಣ ಕೆಲಸ” ಎಂದರು. “ಹಬ್ಬ ಆದ್ಮೇಲೆ ನಮ್ಮ ಭಾವಮೈದ ಒಂದಷ್ಟು ಸೀಡಿ ಕೊಟ್ಟಿದ್ದ. ಭಕ್ತಿಗೀತೆ. ಎಲ್ಲಾ ಹಾಕ್ಕೊಂಡಿದ್ದೆ. ಈಗ ನೋಡಿದ್ರೆ ಹಳೇ ಹಾಡು ಮಾತ್ರ ಇವೆ, ಅವು ಕಾಣ್ತಿಲ್ಲ.”

ನಾನು ಪೆನ್ನು ಕೆಳಗಿಟ್ಟೆ. “ನೀವು ಹಾಕಿದ್ದು ಖಾತ್ರಿಯಾ ಸಾರ್?”

“ಏನ್ರೀ ಹೀಗಂತೀರ? ನನ್ನ ಕೈಯಾರೆ ಹಾಕಿದ್ದೀನಿ. ಕೂತು ಕೇಳಿದ್ದೀನಿ.”

“ಎಲ್ಲಿಗೆ ಹಾಕಿದ್ರಿ?”

“ಅದೇ, ಡೇಟಾ ಫೋಲ್ಡರಿಗೆ. ಎಲ್ಲರಿಗೂ ಪರ್ಮಿಷನ್ ಇದೆಯಲ್ಲ.”

ನಾಗರತ್ನ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಯಂತ್ರದ ಮುಂದೆ ಕೂತೆ. ಯಂತ್ರದ ಸ್ವಂತ ಡಿಸ್ಕು ಎಷ್ಟು ತುಂಬಿದೆ ಎಂದು ಕೇಳಿದೆ. ಹೆಚ್ಚುಕಡಿಮೆ ಪೂರ್ತಿ ಎಂದಿತು. ಏನೇನು ತುಂಬಿದೆ ಎಂದು ಫೋಲ್ಡರ್ ಪ್ರಕಾರ ಕೇಳಿದೆ. ಎಲ್ಲ ಕೂಡಿಸಿದರೂ ಅದರ ಅರ್ಧ ಬರಲಿಲ್ಲ. ಅಂದರೆ ಕಣ್ಣಿಗೆ ಕಾಣದ ಜಾಗದಲ್ಲಿ ಏನೋ ಕೂತಿದೆ. ಬರಿ ಮಣ್ಣಿನ ಫಲಿತಾಂಶಗಳಾಗಿದ್ದರೆ ಈ ವ್ಯತ್ಯಾಸ ನನಗೆ ಗೊತ್ತೇ ಆಗುತ್ತಿರಲಿಲ್ಲ, ಅವು ಎಷ್ಟಿದ್ದರೂ ಹಿಡಿಯಷ್ಟು ಜಾಗ ಸಾಕು. ಹಾಡುಗಳು ದಪ್ಪ. ವರದರಾಜು ಅವರ ಭಾವಮೈದನಿಗೆ ನಾನು ಇವತ್ತಿಗೂ ಋಣಿ.

ಚಾಪೆ ಎತ್ತಿ ನೋಡಬೇಕಿತ್ತು. ಡಿಸ್ಕನ್ನು ಇಳಿಸುವ ಕಮಾಂಡ್ ಹೊಡೆದೆ. ಆಗುವುದಿಲ್ಲ, ಯಾರೋ ಬಳಸುತ್ತಿದ್ದಾರೆ ಎಂದಿತು. ಯಾರು ಎಂದು ಕೇಳಿದೆ. ವರದರಾಜು ಎಂದಿತು. ಮೇಜಿನ ಮೇಲಿನ ಪುಟ್ಟ ಸ್ಪೀಕರಿನಲ್ಲಿ ಆಗಿನಿಂದ ಸಣ್ಣಗೆ ಹಾಡು ಬರುತ್ತಿದ್ದದ್ದು ನನ್ನ ಗಮನಕ್ಕೆ ಬಂದದ್ದು ಆಗಲೇ. ಅದು ಡಿಸ್ಕಿನ ಹಳೆಯ ಹಾಡು.

“ಸಾರ್, ಹಾಡು ನಿಲ್ಲಿಸ್ಬೇಕಿತ್ತು.”

“ಇದೊಂದು ಮುಗೀಲಿ ಇರ್ರೀ.”

ನಾವು ಕಾದೆವು. ದೊಡ್ಡ ಹಾಡು. ಪಲ್ಲವಿ ಮತ್ತೆ ಬಂತು. ನಾಗರತ್ನ ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಹೊರಗಿನಿಂದ ಪುಟ್ಟಸ್ವಾಮಿಯ ದನಿ ಕೇಳುತ್ತಿತ್ತು. ಹಾಡು ಮುಗಿಯಿತು. ನಾನು ಡಿಸ್ಕನ್ನು ಇಳಿಸಿ, ಖಾಲಿ ಇರಬೇಕಾಗಿದ್ದ ಫೋಲ್ಡರಿನಲ್ಲಿ ಏನಿದೆ ತೋರಿಸು ಎಂದೆ.

ಪರದೆ ತುಂಬಿ ಮೇಲಕ್ಕೆ ಓಡಿತು. ಮೂಗೂರು, ತಲಕಾಡು, ಊರಿಗೊಂದರಂತೆ ಫೈಲು, ಪ್ರತಿಯೊಂದರ ಪಕ್ಕದಲ್ಲೂ ನಾಗರತ್ನಳ ಹೆಸರು, ಹಬ್ಬದ ಮಾರನೆಯ ದಿನದಿಂದ ಕರೆಂಟು ಹೋದ ದಿನದವರೆಗಿನ ತಾರೀಖುಗಳು. ನಡುನಡುವೆ ವರದರಾಜು ಅವರ ಹಾಡುಗಳು. ಭಕ್ತಿಗೀತೆಗಳೂ ಒಂದೆರಡಿದ್ದವು.

ಅಷ್ಟು ಹೊತ್ತು ಅಳದ ಹುಡುಗಿ ಈಗ ಅತ್ತಳು. ಸೆರಗಿನಲ್ಲಿ ಮುಖ ಒರೆಸಿಕೊಂಡು, “ಇವೆಲ್ಲ ಎಲ್ಲಿದ್ವು ಸಾ?” ಎಂದು ಕೇಳಿದಳು. ನಾನು ಚಾಪೆಯ ಮಾತು ಹೇಳಿದೆ. ಅವಳಿಗೆ ಚಾಪೆ ಸಾಲಲಿಲ್ಲ. ಅವರ ಕಡೆ ನೆಲದಲ್ಲಿ ಗುಂಡಿ ತೆಗೆದು ರಾಗಿ ತುಂಬಿ ಮೇಲೆ ಚಪ್ಪಡಿ ಮುಚ್ಚುತ್ತಾರೆ, ಅದಕ್ಕೆ ಹಗೇವು ಎನ್ನುತ್ತಾರೆ.

“ಅಂದ್ರೆ ನನ್ ರಾಗಿ ಅಗೇವ್ನಲ್ಲೇ ಇತ್ತು. ಮ್ಯಾಲೆ ಚಪ್ಪಡಿ ಎಳ್ದಿದ್ರು, ಅಷ್ಟೇಯ.”

“ಅಷ್ಟೇ” ಎಂದೆ.

“ನಾನೂ ಅದೇ ಹೇಳಿದ್ನಲ್ಲಮ್ಮ ಅವತ್ತು” ಎಂದರು ವರದರಾಜು, ನಿಜವಾಗಿಯೂ ಸಂತೋಷದಿಂದ. “ಹೊಸದಾಗಿ ಶುರು ಮಾಡು, ಹಳೇದು ಒಳಗಡೆ ಎಲ್ಲೋ ಇರುತ್ತೆ ಅಂತ.”

ಅವಳು ಬಂದು ಹೇಳಿದ್ದು ಅವರಿಗೆ ಚೆನ್ನಾಗಿ ನೆನಪಿತ್ತು ಎಂಬುದು ಹೀಗೆ ಹೊರಗೆ ಬಂತು. ಸ್ವಲ್ಪ ಹೊತ್ತಿನ ಮೇಲೆ ಅದು ಅವರಿಗೂ ತಿಳಿಯಿತು. ಎದ್ದು ಹೋಗಿ ಏಸಿಯನ್ನು ಹೆಚ್ಚು ಮಾಡಿ ಬಂದರು. ನಾನು ಬಿಳಿ ಹಾಳೆಯನ್ನು ಎಳೆದುಕೊಂಡು ಅವರು ಕೇಳಿದ ಎರಡು ಸಾಲು ಬರೆದೆ: ಎಂಟ್ರಿ ಪೂರ್ತಿಯಾಗಿದೆ. ಪೂಜೆಯ ನಂತರ ಡಿಸ್ಕು ಕೂತಿರಲಿಲ್ಲ. ಅವರು ಓದಿ ಡ್ರಾಯರಿನಲ್ಲಿಟ್ಟರು.

ಮುಂದಿನ ಕೆಲಸವನ್ನು ಹೊಸಬರು ಆತುರದಲ್ಲಿ ಕೆಡಿಸುತ್ತಾರೆ, ಅದಕ್ಕೇ ಹೇಳುತ್ತೇನೆ. ಕೆಳಗೆ ಸಿಕ್ಕ ಫೈಲುಗಳನ್ನು ಮೊದಲು ಬೇರೆ ಕಡೆ ತೆಗೆದಿಡಬೇಕು. ಆಮೇಲೆ ಡಿಸ್ಕು ಕೂರಿಸಬೇಕು. ಆಮೇಲೆ ಅವನ್ನು ಅದರೊಳಗೆ ಸೇರಿಸಬೇಕು. ಅವಸರಪಟ್ಟು ಡಿಸ್ಕು ಕೂರಿಸಿದರೆ ಮತ್ತೆ ಚಪ್ಪಡಿ. ಎಲ್ಲ ಸೇರಿಸಿ, ಯಜಮಾನರ ಹೆಸರು ಸರಿಯಿದೆಯೇ ನೋಡಿ ಮುದ್ರಿಸಲು ಕೊಟ್ಟೆ. ಮೊದಲ ಚೀಟಿ ಪುಟ್ಟಸ್ವಾಮಿಯದು. ನಾಗರತ್ನ ಅದನ್ನು ತಾನೇ ಹೊರಗೆ ಒಯ್ದು ಕೊಟ್ಟಳು. ಅವನು ಉದ್ದಕ್ಕೂ ಓದಿಸಿಕೊಂಡು, “ಮಳ್ಳು ಅಂತ ನಂಗೂ ಗೊತ್ತು ಕಣವ್ವ, ಕೊಟ್ಟಿಗೆಗೊಬ್ರ ಎಷ್ಟಾಕ್ಬೇಕು ಏಳು” ಎಂದ. ಅವಳು ಹೇಳಿದಳು.

ನಾನು ಹೊರಡುವಾಗ ಅವಳು ಬಂದು ನಿಂತಳು.

“ಸಾ, ಆ ಕೆಳ್ಗಿನ್ ಜಾಗ ಮುಚ್ಚಿ ಓಗಿ ಸಾ.”

“ಮುಚ್ಚಿದ್ರೆ, ಡಿಸ್ಕು ಕೂತಿಲ್ಲದ ದಿನ ನಿನಗೆ ಕೆಲಸ ಮಾಡೋಕೇ ಬಿಡಲ್ಲ ಕಣಮ್ಮ. ಡಿನೈಡ್ ಅನ್ನುತ್ತೆ.”

“ಅನ್ಲಿ ಸಾ. ಆಗಕ್ಕಿಲ್ಲ ಅಂದ್ರೆ ಆಗಕ್ಕಿಲ್ಲ ಅಂತ ಮಖಕ್ಕೇ ಏಳ್ಲಿ. ಊಂ ಊಂ ಅಂತ ಎಲ್ಲ ಈಸ್ಕಂಡು, ಆಮ್ಯಾಲೆ ನೀನು ಕೊಟ್ಟೇ ಇಲ್ಲ ಅನ್ನದ್ ಬ್ಯಾಡ.”

ಯಂತ್ರದ ಬಗ್ಗೆಯೇ ಹೇಳಿದಳೆಂದು ನಾನು ಆಗ ಅಂದುಕೊಂಡೆ. ಡಿಸ್ಕನ್ನು ಇನ್ನೊಮ್ಮೆ ಇಳಿಸಿ, ಕೆಳಗಿನ ಖಾಲಿ ಫೋಲ್ಡರಿನ ಏಳು ಏಳು ಏಳನ್ನು ತೆಗೆದು ಸೊನ್ನೆ ಸೊನ್ನೆ ಸೊನ್ನೆ ಹಾಕಿ, ಮತ್ತೆ ಡಿಸ್ಕು ಕೂರಿಸಿದೆ. ಇನ್ನು ನೆಲದ ಮೇಲೆ ಯಾರೂ ಏನೂ ಇಡುವಂತಿಲ್ಲ. ನೀವೂ ಹೀಗೇ ಮಾಡಿ. ನಾನು ಸರ್ವೀಸಿನಲ್ಲಿ ಕಲಿತದ್ದರಲ್ಲಿ ನಿಮ್ಮ ಉಪಯೋಗಕ್ಕೆ ಬರುವುದು ಇದೊಂದೇ ಇರಬಹುದು.

ನಾಗರತ್ನಳ ಆರ್ಡರು ದೀಪಾವಳಿಗೆ ಬರಲಿಲ್ಲ. ವರದರಾಜು ಡ್ರಾಯರಿನಲ್ಲಿಟ್ಟದ್ದನ್ನು ಡ್ರಾಯರಿನಿಂದ ತೆಗೆಯುವ ಪೈಕಿಯವರಲ್ಲ. ನಾನು ಟಿ. ನರಸೀಪುರಕ್ಕೆ ಹೋದಾಗಲೆಲ್ಲ ಅವರ ಮುಂದೆ ಕೂತು, ಏನೂ ಕೇಳದೆ, ಆ ಡ್ರಾಯರನ್ನೇ ನೋಡುತ್ತಿದ್ದೆ. ಅವರು ಕಾಫಿ ತರಿಸುತ್ತಿದ್ದರು. ಕುಡಿದು ಮತ್ತೆ ನೋಡುತ್ತಿದ್ದೆ. ಸಂಕ್ರಾಂತಿ ಕಳೆದ ಮೇಲೆ ಆರ್ಡರು ಬಂತು.

ಮುಂದಿನ ವರ್ಷ ಆಯುಧಪೂಜೆಯ ಮಾರನೆಯ ದಿನ ನಾನು ನಂಜನಗೂಡಿನಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಡುವಷ್ಟರಲ್ಲಿ ಫೋನು ಬಂತು. ಆ ತಂತಿಯ ಮೇಲೆ ಅಂಥ ಖುಷಿಯ ದನಿಯನ್ನು ನಾನು ಯಾವತ್ತೂ ಕೇಳಿರಲಿಲ್ಲ.

“ಸಾ, ನಾನು ನಾಗರತ್ನ. ಬುಡ್ತಾ ಇಲ್ಲ ಸಾ! ಪರ್ಮಿಷನ್ ಡಿನೈಡ್ ಅಂತದೆ ಸಾ!”

“ಡಿಸ್ಕು ಎಲ್ಲಿದೆ?”

“ಕೆಂಪಣ್ಣ ಈ ಸರ್ತಿನೂ ಬಿಚ್ಚವ್ನೆ. ಊವ ಮುಡ್ಕಂಡು ಮೇಜಿನ್ ಮ್ಯಾಲೆ ಕುಂತದೆ.”

ನಾನು ಏನು ಮಾಡಬೇಕೆಂದು ಹೇಳಲು ಬಾಯಿ ತೆರೆದೆ.

“ಅದುನ್ನ ಕೂರುಸ್ಬುಟ್ಟು ಆಮ್ಯಾಲೆ ಟೈಪ್ ಮಾಡ್ತೀನಿ ಬುಡಿ ಸಾ, ನಂಗೊತ್ತು. ಬ್ಯಾಡ ಅಂತು, ಅದ್ನೇ ಏಳವಾ ಅಂತ ಫೋನ್ ಮಾಡ್ದೆ” ಎಂದು ನಗುತ್ತಾ ಫೋನಿಟ್ಟಳು.